ವರ್ಷಿಣಿಯನ್ನು ಮನೆ ಮುಟ್ಟಿಸಿದ ಬಗೆ

ಚಿಕ್ಕನಾಯಕನಹಳ್ಳಿ ಬಸ್‌ಸ್ಟ್ಯಾಂಡಿನ ಎದುರು ಶಂಭುಲಿಂಗಯ್ಯನವರ ಎಸ್‌ಟಿಡಿ ಬೂತ್ ಇತ್ತು. ಮೊಬೈಲು ಬಂದು ಅದನ್ನು ನುಂಗಿ ನೀರು ಕುಡಿಯುವುದಕ್ಕೆ ಮುಂಚಿನ ಮಾತು, ಅಂದರೆ ಎರಡು ಸಾವಿರದ ಇಸವಿಯ ಆಚೀಚೆ. ಹಳದಿ ಬೋರ್ಡು, ಗಾಜಿನ ಬಾಗಿಲಿನ ಒಂದು ಗೂಡು, ಅದರೊಳಗೊಂದು ಫೋನು, ಹೊರಗೆ ಮೇಜಿನ ಮೇಲೆ ಇನ್ನೊಂದು ಫೋನು, ಪಕ್ಕದಲ್ಲಿ ಫ್ಯಾಕ್ಸ್ ಮೆಷೀನು, ಕಾಯುವವರಿಗೆ ಬೆಂಚು. ಆ ಮೇಜಿನ ಹಿಂದೆ ಕೂರುತ್ತಿದ್ದವಳು ಯಮುನಾ. ಕಂದಿಕೆರೆ ಪಕ್ಕದ ಗೊಲ್ಲರಹಟ್ಟಿಯಲ್ಲಿ ಕುರಿ ಸಾಕಿಕೊಂಡಿದ್ದ ಕ್ಯಾತಣ್ಣನ ಮಗಳು. ಪಿಯುಸಿ ಮುಗಿಸಿ ಮನೆಯಲ್ಲಿ ಸುಮ್ಮನೆ ಕೂರಲಾರದೆ ಕೆಲಸಕ್ಕೆ ಸೇರಿದ್ದಳು. ಕೆಲಸವೇನು ಮಹಾ? ನಂಬರು ಹಾಕಿಕೊಡುವುದು, ಮೀಟರಿನ ಕೆಂಪು ಅಂಕಿ ಓಡುವುದನ್ನು ನೋಡುವುದು, ಚೀಟಿ ಹರಿದು ಕೊಡುವುದು. ಉಳಿದ ಹೊತ್ತೆಲ್ಲ ಕನಸು. ಈ ಹುಡುಗಿ ಕಣ್ಣು ಬಿಟ್ಕೊಂಡೇ ನಿದ್ದೆ ಮಾಡ್ತಾಳೆ ಕಣ್ರೀ ಎಂದು ಶಂಭುಲಿಂಗಯ್ಯನವರು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಅವಳು ನಿದ್ದೆ ಮಾಡುತ್ತಿರಲಿಲ್ಲ, ಕೇಳಿಸಿಕೊಳ್ಳುತ್ತಿದ್ದಳು. ಗಾಜಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲವಾಗಿ ಒಳಗೆ ನಿಂತವರ ಮಾತು ಪೂರ್ತಿ ಹೊರಗೆ ಬರುತ್ತಿತ್ತು. ಆ ಕಡೆಯವರ ಮಾತು ಮಾತ್ರ ಇಲ್ಲ. ಕೊಬ್ಬರಿ ವ್ಯಾಪಾರಿ ತಿಪಟೂರಿನ ರೇಟು ಕೇಳಿ "ಅಷ್ಟೇನಾ?" ಎಂದು ಮುಖ ಇಳಿಬಿಟ್ಟರೆ, ಗಂಡನ ಮನೆಯಲ್ಲಿರುವ ಮಗಳ ಜೊತೆ ಮಾತಾಡುತ್ತ ತಾಯೊಬ್ಬಳು "ಹೂಂ... ಹೂಂ... ಆಮೇಲೆ?" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರೆ, ಕೇಳದೆ ಉಳಿದ ಅರ್ಧವನ್ನು ಯಮುನಾ ತಾನೇ ಕಟ್ಟಿಕೊಳ್ಳುತ್ತಿದ್ದಳು. ಹೀಗೆ ಕಟ್ಟಿ ಕಟ್ಟಿ ಅವಳಿಗೊಂದು ಗುಟ್ಟು ಸಿಕ್ಕಿತು. ಹೇಳಬೇಕೆಂದು ಬಂದ ಮಾತನ್ನು ಯಾರೂ ಮೊದಲು ಹೇಳುವುದಿಲ್ಲ. ಮಳೆ ಬಂತಾ, ಹಸು ಈಯ್ತಾ, ಹುಡುಗರು ಸ್ಕೂಲಿಗೆ ಹೋದವಾ ಎಂದೆಲ್ಲ ಕೇಳಿ, ಇನ್ನೇನು ಫೋನು ಇಡಬೇಕು ಎನ್ನುವಾಗ ನಿಜವಾದ ಮಾತು ತೆಗೆಯುತ್ತಾರೆ. ಅದನ್ನೂ ಅಡ್ಡಡ್ಡ ತೆಗೆಯುತ್ತಾರೆ.

ಆದರೆ ಬರೆಯುವುದನ್ನು ಅವಳಿಗೆ ಬೂತು ಕಲಿಸಿತು ಎಂದರೆ ಅರ್ಧ ಸುಳ್ಳು. ಉಳಿದರ್ಧವನ್ನು ಹಟ್ಟಿಯಲ್ಲಿ ಅಜ್ಜಿ ಬೋರಕ್ಕ ಕಲಿಸಿದ್ದಳು. ಕ್ಯಾತಣ್ಣನ ತಾಯಿ, ಎಂಬತ್ತರ ಹತ್ತಿರದ ಮುದುಕಿ. ಅವಳ ಬಾಯಲ್ಲಿ ಉದ್ದುದ್ದನೆಯ ಕತೆಪದಗಳಿದ್ದವು, ಒಂದೊಂದೂ ಮೂರು ದಿನ, ನಾಲ್ಕು ದಿನದ್ದು. ಕಳೆ ಕೀಳುವಾಗ, ತೆಂಗಿನ ಗರಿ ಸೀಳಿ ಕಡ್ಡಿ ತೆಗೆಯುವಾಗ ಬೋರಕ್ಕ ಹೇಳಬೇಕು, ಉಳಿದ ಹೆಂಗಸರು ಸಾಲಿನ ಕೊನೆಗೆ ದನಿಗೂಡಿಸಿ ಸೊಲ್ಲು ಹಿಡಿಯಬೇಕು. ಈ ಹೇಳಿಕೆಗೆ ಒಂದು ಕಟ್ಟುನಿಟ್ಟಿತ್ತು. ಕತೆಯನ್ನು ನಡುವೆ ನಿಲ್ಲಿಸಬೇಕಾಗಿ ಬಂದರೆ ಅದರೊಳಗಿನ ಮನುಷ್ಯರನ್ನು ಕಷ್ಟದಲ್ಲಿ ಬಿಟ್ಟು ಏಳುವಂತಿಲ್ಲ. ದಾರಿ ತಪ್ಪಿದವಳೊಬ್ಬಳಿದ್ದರೆ ಅವಳನ್ನು ಒಂದು ಮರದ ನೆರಳಿಗೆ ಕರೆತಂದು, ಒಂದು ಬೊಗಸೆ ನೀರು ಕುಡಿಸಿ, "ಇಲ್ಲೇ ಕುಂತಿರವ್ವಾ, ನಾವು ಉಂಡ್ಕಂಡು ಬತ್ತೀವಿ" ಎಂದು ಹೇಳಿಯೇ ಬೋರಕ್ಕ ಬಾಯಿ ಮುಚ್ಚುತ್ತಿದ್ದಳು. ಅಲ್ಲಿಯವರೆಗೆ ಹೇಳುವವಳೂ ಉಣ್ಣುವಂತಿಲ್ಲ, ಕೇಳುವವರೂ ಉಣ್ಣುವಂತಿಲ್ಲ. ಮುದ್ದೆ ಆರಿ ಕಲ್ಲಾಗಲಿ, ಗಂಡಸರು ಬಾಗಿಲಲ್ಲಿ ನಿಂತು ಗಂಟಲು ಹರಿದುಕೊಳ್ಳಲಿ, "ಇರ್ರಪ್ಪಾ, ಅವ್ಳಿನ್ನೂ ಬಿಸ್ಲಲ್ಲೇ ಅವ್ಳೆ" ಎಂದುಬಿಡುತ್ತಿದ್ದಳು. ನೀರು-ನೆರಳು ಮಾಡುವುದು ಎಂದು ಅದಕ್ಕೆ ಹೆಸರು. ಯಮುನಾ ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ್ದು ಇದನ್ನೇ.

ಎರಡು ಸಾವಿರದ ಒಂದರ ಚಳಿಗಾಲದಲ್ಲಿ ಊರಾಚೆಯ ತೆಂಗಿನ ತೋಟವೊಂದಕ್ಕೆ ಬೆಂಗಳೂರಿನಿಂದ ಧಾರಾವಾಹಿಯವರು ಬಂದಿಳಿದರು. ತೋಟದ ಮನೆಗೆ ಸೊಸೆಯಾಗಿ ಬಂದ ವರ್ಷಿಣಿ ಎಂಬ ಹುಡುಗಿಯ ಕತೆ. ಬರೆಯುವ ಮಹಾರಾಯರು ಬೆಂಗಳೂರಲ್ಲೇ ಕೂತು, ಅಂದಂದಿನ ದೃಶ್ಯವನ್ನು ಅಂದಂದೇ ಬರೆದು ಶಂಭುಲಿಂಗಯ್ಯನವರ ಫ್ಯಾಕ್ಸಿಗೆ ಕಳಿಸುತ್ತಿದ್ದರು. ಬೆಳಿಗ್ಗೆ ಎಂಟಕ್ಕೆ ಮೆಷೀನು ಗೊರಗೊರ ಎಂದು ಹಾಳೆ ಉಗುಳುತ್ತಿತ್ತು. ಧಾರಾವಾಹಿಯ ನಿರ್ದೇಶಕ ಹಾಲಸ್ವಾಮಿ ಬಂದು ಅದನ್ನು ಒಯ್ಯುತ್ತಿದ್ದರು. ಅವರು ತಿಪಟೂರಿನ ಹತ್ತಿರದ ಬಿಳಿಗೆರೆಯವರೇ. ಬೆಂಗಳೂರು ಸೇರಿ ಇಪ್ಪತ್ತು ವರ್ಷವಾದರೂ ನಮ್ಮ ಕಡೆಯ ಮಾತು ಬಿಟ್ಟಿರಲಿಲ್ಲ.

ಹಾಳೆ ಬಂದಮೇಲೆ ಓದದೆ ಇರುವುದು ಹೇಗೆ? ಯಮುನಾ ಓದಿದಳು. ಅವತ್ತಿನ ದೃಶ್ಯದಲ್ಲಿ ವರ್ಷಿಣಿ ತಾಯಿಗೆ ಫೋನು ಮಾಡಿ, "ಅಮ್ಮಾ, ನನ್ನ ಹೃದಯ ನುಚ್ಚುನೂರಾಗಿದೆ, ಈ ನರಕದಿಂದ ನನ್ನನ್ನು ಬಿಡಿಸಿ ಕರೆದೊಯ್ಯಿ" ಎನ್ನುತ್ತಿದ್ದಳು. ಯಮುನಾಗೆ ಮೈಯೆಲ್ಲ ಉರಿಯಿತು. ಎರಡು ವರ್ಷದಿಂದ ಈ ಬೂತಿನಲ್ಲಿ ನಿಂತು ಅತ್ತವರಲ್ಲಿ ಒಬ್ಬಳಾದರೂ ಹೃದಯ ಎಂಬ ಪದ ಆಡಿರಲಿಲ್ಲ. ಪೆನ್ಸಿಲ್ ತೆಗೆದುಕೊಂಡು ಅಂಚಿನಲ್ಲಿ ಬರೆದಳು. ತಾಯಿಯ ಹತ್ತಿರ ವರ್ಷಿಣಿ ಕರು ಹಾಲು ಬಿಟ್ಟಿತಾ ಎಂದು ಕೇಳುತ್ತಾಳೆ, ಅಪ್ಪನ ಕೆಮ್ಮು ಕೇಳುತ್ತಾಳೆ, ನಗುತ್ತಾಳೆ. ಇಡುವ ಮುಂಚೆ, "ಅಮ್ಮ, ನನ್ನ ಹಳೇ ಟ್ರಂಕು ಅಲ್ಲೇ ಐತಾ? ಯಾರ್ಗೂ ಕೊಡ್ಬೇಡ. ಬೇಕಾಗ್ಬೋದು" ಎನ್ನುತ್ತಾಳೆ. ಅಷ್ಟೇ.

ರಬ್ಬರು ಹುಡುಕುವಷ್ಟರಲ್ಲಿ ಹಾಲಸ್ವಾಮಿ ಬಂದೇಬಿಟ್ಟರು. ನಿಂತೇ ಓದಿದರು. ಕೆಲಸ ಹೋಯಿತು ಎಂದೇ ಯಮುನಾ ಅಂದುಕೊಂಡಳು.

"ಇದನ್ನ ಬರೆದೋರು ಯಾರು?"

"ತಪ್ಪಾಯ್ತು ಸರ್. ಅಳಿಸ್ಬುಡ್ತೀನಿ."

"ಅಳಿಸಿದ್ರೆ ನೋಡು ಮತ್ತೆ!" ಎಂದರು ಹಾಲಸ್ವಾಮಿ. "ನಮ್ಮಕ್ಕ ಗಂಡನ ಮನೆಯಿಂದ ಹಿಂಗೇ ಕೇಳಿದ್ಲಮ್ಮ, ಟ್ರಂಕಲ್ಲ, ಅವಳದು ಹೊಲಿಗೆ ಮೆಷೀನು. ನಮಗ್ಯಾರಿಗೂ ಅರ್ಥ ಆಗ್ಲಿಲ್ಲ."

ಅವತ್ತು ಯಮುನಾ ಬರೆದಿದ್ದೇ ಚಿತ್ರೀಕರಣವಾಯಿತು. ತಿಂಗಳು ಕಳೆಯುವುದರೊಳಗೆ ಅವಳು ಮಾತುಗಳನ್ನು ತಿದ್ದಿ ಕಳಿಸುವವಳಾದಳು. ವರ್ಷ ತುಂಬುವುದರೊಳಗೆ ಬೆಂಗಳೂರಿನ ಮಹಾರಾಯರು ಸಿನಿಮಾ ಸಿಕ್ಕಿತೆಂದು ಕೈಕೊಟ್ಟು ಹೋದರು, ಪೂರ್ತಿ ಎಪಿಸೋಡು ಇವಳ ತಲೆಗೇ ಬಿತ್ತು. ಬೂತಿನ ಕೆಲಸ ಬಿಡಲಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ಬರೆಯುವುದು, ಶೂಟಿಂಗನ್ನು ಬೆಂಗಳೂರಿಗೆ ಸಾಗಿಸಿದ್ದ ಹಾಲಸ್ವಾಮಿಗೆ ಅಲ್ಲಿಂದಲೇ ಫ್ಯಾಕ್ಸ್ ಮಾಡುವುದು. ಶಂಭುಲಿಂಗಯ್ಯನವರು ಫೋನಿನ ಬಿಲ್ಲು ಏರುತ್ತದೆಂದು ಗೊಣಗುತ್ತಿದ್ದರೂ ಸಂಜೆ ಟಿವಿಯಲ್ಲಿ ಅವಳ ಹೆಸರು ಬರುವಾಗ ಅಂಗಡಿ ಬಾಗಿಲಿಗೆ ಬಂದು ಇಡೀ ಬೀದಿಗೆ ಕೇಳುವಂತೆ ಓದುತ್ತಿದ್ದರು.

ಕಲಿಯುವುದು ಬೇಕಾದಷ್ಟಿತ್ತು. ಹಾಳೆಯನ್ನು ಎರಡು ಭಾಗ ಮಾಡಬೇಕು. ಎಡಕ್ಕೆ ಕಾಣುವುದು, ಬಲಕ್ಕೆ ಕೇಳುವುದು. ದೃಶ್ಯದ ತಲೆಯ ಮೇಲೆ ಒಳಗೋ ಹೊರಗೋ, ಹಗಲೋ ರಾತ್ರಿಯೋ ಬರೆಯಬೇಕು. ಹೊರಗೆ, ರಾತ್ರಿ ಎಂದು ಬರೆದರೆ ಜನರೇಟರು ತರಿಸಬೇಕಾಗುತ್ತದೆಂದು ಪ್ರೊಡ್ಯೂಸರ್ ಎದೆ ಹಿಡಿದುಕೊಳ್ಳುತ್ತಾರೆ. ಅತ್ತೆಯ ಪಾತ್ರ ಮಾಡುವಾಕೆಗೆ ಬೇರೆ ಕಡೆ ಶೂಟಿಂಗ್ ಇದ್ದರೆ ಅತ್ತೆ ಧರ್ಮಸ್ಥಳಕ್ಕೆ ಹೋಗಬೇಕು. ಹದಿನೈದು ದಿನವಾದರೂ ಬರದಿದ್ದರೆ ಅಲ್ಲಿಂದಲೇ ಕಾಶಿಗೆ. ಮದುವೆ ಬರೆಯಬಹುದು, ಊಟದ ಪಂಕ್ತಿ ಬರೆಯಬಾರದು, ಅಷ್ಟು ಜನಕ್ಕೆ ಬಡಿಸುವವರು ಯಾರು? ಇವೆಲ್ಲವನ್ನೂ ಯಮುನಾ ನಗುತ್ತ ಕಲಿತಳು. ಕಲಿಯಲಾಗದೆ ಒದ್ದಾಡಿದ್ದು ಒಂದನ್ನು ಮಾತ್ರ.

ಅವಳ ಮೊದಲ ಐದು ಎಪಿಸೋಡುಗಳನ್ನು ಓದಿ ಹಾಲಸ್ವಾಮಿ ಫೋನಿನಲ್ಲಿ ಬಿದ್ದು ಬಿದ್ದು ನಕ್ಕರು.

"ಏನಮ್ಮಾ ಯಮುನಾ, ಎಪಿಸೋಡು ಮುಗಿಯೋ ಹೊತ್ತಿಗೆ ಎಲ್ಲರ ಕಾಲು ತೊಳಸಿ, ಊಟ ಬಡಿಸಿ, ಹೊದಿಸಿ ಮಲಗಿಸಿಬಿಟ್ಟಿದ್ದೀಯಲ್ಲ! ನೋಡೋರೂ ಟಿವಿ ಆರಿಸಿ ಮಲಗಿಬಿಡ್ತಾರೆ. ನಾಳೆ ಯಾಕೆ ಬರ್ತಾರೆ?"

"ಮತ್ತೆ ಹೆಂಗ್ ನಿಲ್ಸೋದು ಸರ್?"

"ಕಾಲು ಜಾರಬೇಕು, ಅಲ್ಲಿ ನಿಲ್ಲಿಸು. ಬಾಗಿಲು ಬಡಿಬೇಕು, ಯಾರು ಅಂತ ತೋರಿಸಬೇಡ. ಶುಕ್ರವಾರ ಅಂತೂ ನೋಡೋರ ಜೀವ ಬಾಯಿಗೆ ಬರಬೇಕು, ಶನಿವಾರ ಭಾನುವಾರ ಅದನ್ನೇ ಮಾತಾಡ್ಕೊಂಡಿರಬೇಕು. ಅಷ್ಟು ಮಾಡಿದ್ರೆ ಜಾಹೀರಾತು. ಜಾಹೀರಾತು ಇದ್ರೆ ನಾನು, ನೀನು, ವರ್ಷಿಣಿ ಎಲ್ಲ."

ನೋಡಿ, ಬೇರೆ ಯಾರಾದರೂ ಆಗಿದ್ದರೆ ಇದನ್ನು ಒಂದೇ ದಿನದಲ್ಲಿ ಕಲಿತುಬಿಡುತ್ತಿದ್ದರು. ಹಟ್ಟಿಯ ಹುಡುಗಿಗೆ ಕೈ ಬರಲಿಲ್ಲ. ವರ್ಷಿಣಿಯನ್ನು ಮೆಟ್ಟಿಲ ಮೇಲೆ ಜಾರಿಸಿ ಹಾಳೆಯನ್ನು ಫ್ಯಾಕ್ಸಿಗೆ ಹಾಕುವಳು, ಮತ್ತೆ ಹೊರಗೆಳೆಯುವಳು. ಗುಟ್ಟಾಗಿ ಕೊನೆಗೊಂದು ಸಾಲು ಸೇರಿಸಿ ಯಾರಾದರೂ ಅವಳ ಕೈ ಹಿಡಿಯುವಂತೆ ಮಾಡುತ್ತಿದ್ದಳು. ಹಾಲಸ್ವಾಮಿ ಅದನ್ನು ಹೊಡೆದುಹಾಕುತ್ತಿದ್ದರು. ಮೂರು ತಿಂಗಳಾದಮೇಲೆ ಆ ಸಾಲು ಬರೆಯುವುದನ್ನು ಬಿಟ್ಟಳು. ಆರು ತಿಂಗಳಾದಮೇಲೆ ಹಾಳೆ ಹೊರಗೆಳೆಯುವುದೂ ನಿಂತಿತು.

ಕಷ್ಟವಾದದ್ದು ಬೋರಕ್ಕನಿಗೆ. ಕಂದಿಕೆರೆಯ ಕೇಬಲ್‌ನವನು ತೆಂಗಿನ ಮರದಿಂದ ಮರಕ್ಕೆ ತಂತಿ ಎಳೆದು ಹಟ್ಟಿಗೆ ತಂದಿದ್ದ. ಯಮುನಾ ಸಂಬಳದಲ್ಲಿ ಒಂದು ಸಣ್ಣ ಟಿವಿ ಕೊಂಡಿದ್ದಳು. ದಿನಾ ಸಂಜೆ ಆರೂವರೆಗೆ ಬೋರಕ್ಕ ಅದರ ಮುಂದೆ ಕಾಲು ಚಾಚಿ ಕೂರುತ್ತಿದ್ದಳು. ಮೊಮ್ಮಗಳೇ ಹೇಳುವ ಕತೆಯೆಂದು ಆಗಾಗ ಸೊಲ್ಲು ಕೂಡ ಹಿಡಿಯುತ್ತಿದ್ದಳು. ಹೀಗೆ ನಿಲ್ಲಿಸಿದ ಮೊದಲ ಶುಕ್ರವಾರ ವರ್ಷಿಣಿಯ ಸೆರಗಿಗೆ ಒಲೆಯ ಬೆಂಕಿ ತಗುಲಿ ಚಿತ್ರ ನಿಂತುಬಿಟ್ಟಾಗ ಮುದುಕಿ ಎದ್ದು ನಿಂತಳು.

"ಎಲ್ಲೇ? ಆರ್ಸೋರು ಎಲ್ಲೇ?"

"ಸೋಮವಾರ ಬತ್ತಾರೆ ಅಜ್ಜಿ."

"ಸ್ವಾಮಾರದ ಗಂಟ ಉರೀತಾ ನಿಂತಿರ್ತಾಳಾ? ಯಾರೇ ನಿಂಗೆ ಇಂಗೆ ಹೇಳ್ಕೊಟ್ಟೋರು?" ಮುಂದಿದ್ದ ತಟ್ಟೆಯನ್ನು ಬೋರಕ್ಕ ಸರಿಸಿಬಿಟ್ಟಳು.

ಯಮುನಾ ಅಜ್ಜಿಯ ಪಕ್ಕ ಕೂತು, ಮೈದುನ ಓಡಿ ಬಂದದ್ದು, ಕಂಬಳಿ ಹಾಕಿ ಅದುಮಿದ್ದು, ವರ್ಷಿಣಿಗೆ ನೀರು ಕೊಟ್ಟದ್ದು ಎಲ್ಲವನ್ನೂ ಹೇಳಿದಳು. ಆಮೇಲೆ ಮುದುಕಿ ಉಂಡಳು. ಅಂದಿನಿಂದ ಅದೊಂದು ಒಪ್ಪಂದವಾಯಿತು. ಟಿವಿಗೆ ಏನು ಬೇಕಾದರೂ ಮಾಡಿಕೊಳ್ಳಲಿ, ಶುಕ್ರವಾರ ಸಂಜೆ ಯಮುನಾ ಮನೆಯಲ್ಲಿ ವರ್ಷಿಣಿಗೆ ನೀರು-ನೆರಳು ಮಾಡಬೇಕು. ಒಂದೂವರೆ ವರ್ಷ ಒಂದು ಶುಕ್ರವಾರವೂ ತಪ್ಪಲಿಲ್ಲ.

ಆ ಒಂದೂವರೆ ವರ್ಷವೇ ಯಮುನಾಳ ಬದುಕಿನ ಚೆಂದದ ಕಾಲ. ಬಸ್ಸಿನ ಕಿಟಕಿಯ ಪಕ್ಕ ಕೂತರೆ ತೆಂಗಿನ ಸಾಲುಗಳು ತೆರೆದು ಮುಚ್ಚಿ ತೆರೆದು ಮುಚ್ಚಿ ಹಿಂದಕ್ಕೆ ಹೋಗುತ್ತಿದ್ದವು. ಆ ಸಾಲುಗಳ ನಡುವೆ, ಬಿಸಿಲಿನ ಚುಕ್ಕೆಗಳು ಬಿದ್ದ ನೆಲದ ಮೇಲೆ, ವರ್ಷಿಣಿ ಬಸ್ಸಿನಷ್ಟೇ ಬೇಗ ನಡೆದು ಬರುತ್ತಿದ್ದಳು. ಟಿವಿಯ ನಟಿಯಲ್ಲ, ಇವಳೇ ಬೇರೆ, ಸ್ವಲ್ಪ ಕಪ್ಪು, ಕಾಲಿನಲ್ಲಿ ಚಪ್ಪಲಿ ಇಲ್ಲ. ಮಧ್ಯಾಹ್ನ ಬೂತಿನಲ್ಲಿ ಯಾರೂ ಇಲ್ಲದಾಗ ಬೆಂಚಿನ ತುದಿಗೆ ಬಂದು ಕೂತು ಬಳೆ ಎಣಿಸುತ್ತಿದ್ದಳು. ಯಮುನಾ ಕೇಳಿದ್ದಕ್ಕೆ ಕೆಲವೊಮ್ಮೆ ಉತ್ತರ ಕೊಡುತ್ತಿದ್ದಳು, ಕೆಲವೊಮ್ಮೆ ಗಾಜಿನೊಳಗೆ ತೂಗುವ ಗರಿಗಳ ನೆರಳನ್ನು ನೋಡುತ್ತ ಕೂತುಬಿಡುತ್ತಿದ್ದಳು. ಫೋನು ರಿಂಗಾದರೆ ಎದ್ದು ಹೋಗುತ್ತಿದ್ದಳು. ಇದನ್ನೆಲ್ಲ ಯಮುನಾ ಯಾರಿಗೂ ಹೇಳಲಿಲ್ಲ. ಮೊದಲೇ ನಿದ್ದೆಗಣ್ಣಿನವಳು ಎಂದು ಹೆಸರು, ಅದರ ಮೇಲೆ ಇದು ಬೇರೆ ಬೇಕೆ?

ಎರಡು ಸಾವಿರದ ನಾಲ್ಕರ ಮಳೆಗಾಲದಲ್ಲಿ ಧಾರಾವಾಹಿ ನೋಡುವವರು ಕಡಿಮೆಯಾಗುತ್ತಿದ್ದಾರೆ ಎಂದು ಚಾನಲ್ಲಿನವರು ಮುಖ ಗಂಟಿಕ್ಕಿದರು. ಹಾಲಸ್ವಾಮಿ ಫೋನು ಮಾಡಿ, "ದೊಡ್ಡದೇನಾದ್ರೂ ಮಾಡಮ್ಮ" ಎಂದರು. ಯಮುನಾ ಮಾಡಿದಳು. ತುಂಬು ಬಸುರಿ ವರ್ಷಿಣಿಯನ್ನು ಅತ್ತೆಮನೆಯಿಂದ ಹೊರಗೆ ಹಾಕಿಸಿದಳು. ತವರಿಗೆಂದು ಒಬ್ಬಳೇ ನಡೆದು ಹೊರಟವಳಿಗೆ ಕೆರೆ ಏರಿಯ ಮೇಲೆ ನೋವು ಶುರುವಾಯಿತು. ಹೊಂಗೆ ಮರದ ಬೊಡ್ಡೆ ತಬ್ಬಿಕೊಂಡು ಕೂತಳು. ಮೋಡ ಗುಡುಗಿತು. ಅಲ್ಲಿಗೆ ಶುಕ್ರವಾರ. "ಭೇಷ್! ಇನ್ನು ಒಂದು ವಾರ ಅವಳನ್ನ ಅಲ್ಲೇ ಇಡು" ಎಂದರು ಹಾಲಸ್ವಾಮಿ.

ಆ ಶುಕ್ರವಾರವೇ ತುರುವೇಕೆರೆಯಿಂದ ಪತ್ರಿಕೆಯವರೊಬ್ಬರು ಬೂತಿಗೆ ಬಂದು ಯಮುನಾಳ ಫೋಟೋ ತೆಗೆದುಕೊಂಡು ಹೋಗಿದ್ದರು. ಮನೆಗೆ ಬಂದಾಗ ಅವಳ ಕಾಲು ನೆಲದ ಮೇಲಿರಲಿಲ್ಲ. ಬೋರಕ್ಕ ಟಿವಿಯ ಮುಂದೆ ಕೂತೇ ಇದ್ದಳು.

"ಬಾರೇ ಯಮುನಿ. ಏರಿ ಮ್ಯಾಲೆ ಕುಂತವ್ಳೆ. ಎಬ್ಸು."

"ಸೋಮವಾರ ನೋಡ್ತೀಯಲ್ಲ, ಬುಡಜ್ಜಿ. ಮನೆ ಸೇರ್ತಾಳೆ."

"ಖಂಡಿತ ಸೇರ್ತಾಳಾ?"

"ಸೇರ್ತಾಳೆ ಅಂದ್ನಲ್ಲ!"

ಮುದುಕಿ ಆ ಮಾತಿನ ಮೇಲೆ ನಂಬಿಕೆಯಿಟ್ಟು ಉಂಡಳು. ನಿಜ ಹೇಳಬೇಕೆಂದರೆ ವರ್ಷಿಣಿ ಹೇಗೆ ಏಳುತ್ತಾಳೆ, ಹೇಗೆ ಮನೆ ಸೇರುತ್ತಾಳೆ ಎಂಬುದನ್ನು ಯಮುನಾ ಯೋಚಿಸಿಯೇ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಬೂತಿನ ಬಾಗಿಲು ತೆಗೆಯುವುದರೊಳಗೆ ಫೋನು ರಿಂಗಾಗುತ್ತಿತ್ತು. ಹಾಲಸ್ವಾಮಿ.

"ಹೋಯ್ತು ಯಮುನಾ. ನಿಲ್ಲಿಸಿಬಿಟ್ರು. ಇವತ್ತಿನಿಂದ ಆ ಹೊತ್ತಿಗೆ ಅಡುಗೆ ಕಾರ್ಯಕ್ರಮವಂತೆ."

"ಸರ್, ಒಂದೇ ಒಂದು ಎಪಿಸೋಡು ಕೇಳಿ. ಮನೆ ಮುಟ್ಟಿಸ್ಬುಡ್ತೀನಿ."

"ಕೇಳಿದೆ. ಅರ್ಧ ಎಪಿಸೋಡೂ ಕೇಳಿದೆ. ಕೊಡಲ್ಲ." ಅವರ ದನಿಯೂ ಇಳಿದುಹೋಗಿತ್ತು. "ಬೇಜಾರು ಮಾಡ್ಕೋಬೇಡ. ನಮ್ಮ ದಂಧೆನೇ ಹಿಂಗೆ."

ಅವತ್ತು ಸಂಜೆ ಆರೂವರೆಗೆ ಟಿವಿಯಲ್ಲಿ ಯಾರೋ ಹೆಂಗಸು ಹೂಕೋಸು ಹೆಚ್ಚುತ್ತಿದ್ದಳು. ಬೋರಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. ವರ್ಷಿಣಿ ಇದರ ಹಿಂದೆ ಬರುತ್ತಾಳೆಂದು ಅರ್ಧ ಗಂಟೆ ಕಾದಳು. ಯಮುನಾ ತಲೆ ತಗ್ಗಿಸಿಕೊಂಡು ವಿಷಯ ಹೇಳಿದಳು. ಮುದುಕಿ ಎದ್ದು ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ತಟ್ಟೆ ಹಾಗೇ ಉಳಿಯಿತು.

ಮಂಗಳವಾರವೂ ಉಣ್ಣಲಿಲ್ಲ. ಯಮುನಾ ಪಕ್ಕದಲ್ಲಿ ಕೂತು, "ಅಜ್ಜಿ, ಮನೆಗೆ ಬಂದ್ಲು. ಮಗು ಆಯ್ತು. ಚೆನ್ನಾಗವ್ಳೆ" ಎಂದಳು.

ಬೋರಕ್ಕ ತಿರುಗಿ ನೋಡಿದಳು. "ಎಂಗ್ ಬಂದ್ಲು?"

"ನಡ್ಕಂಡು..."

"ಆ ನೋವಲ್ಲಿ ನಡ್ಕಂಡು ಬಂದ್ಲಾ? ದಾರಿ ಹೇಳೇ."

ಒಂದೂವರೆ ವರ್ಷದಿಂದ ಜನರನ್ನು ನಡುನೀರಿನಲ್ಲಿ ಬಿಡುವುದನ್ನು ಯಮುನಾ ಎಷ್ಟು ಚೆನ್ನಾಗಿ ಕಲಿತಿದ್ದಳೆಂದರೆ, ದಡ ಸೇರಿಸುವ ದಾರಿ ತಲೆಯಿಂದ ಅಳಿಸಿಯೇ ಹೋಗಿತ್ತು. ಬೋರಕ್ಕ ಮತ್ತೆ ಗೋಡೆಯ ಕಡೆ ತಿರುಗಿದಳು.

ಹಿತ್ತಲಲ್ಲಿ ಅಪ್ಪ ಕುರಿಮರಿಗೆ ಹಾಲು ಕುಡಿಸುತ್ತಿದ್ದ. ಯಮುನಾ ಅವನ ಮುಂದೆ ಕೂತು ಅತ್ತಳು. "ಒಂದು ಸುಳ್ಳು ಕತೆಗೆ ಹಿಂಗ್ಯಾಕಪ್ಪ ಮಾಡ್ತೈತೆ?"

ಕ್ಯಾತಣ್ಣ ಕುರಿಮರಿಯನ್ನು ಕೆಳಗೆ ಬಿಟ್ಟ. "ನಂಗಿಂತ ಮೊದ್ಲು ಅವ್ವಂಗೆ ಒಂದು ಹೆಣ್ ಕೂಸು ಆಗಿತ್ತಂತೆ ಕಣವ್ವ," ಎಂದ. "ಆಗ ಸೂತಕ ಅಂತ ಬಾಣಂತೀನ ಹಟ್ಟಿಯಿಂದಾಚೆ ಗುಡ್ಲಲ್ಲಿ ಮಡಗೋರು, ಗೊತ್ತಲ್ಲ. ಹೆರಿಗೇನೂ ಅಲ್ಲೇ. ಅವತ್ತು ಜೋರು ಮಳೆಯಂತೆ. ಅವ್ವ ಕೂಗಿದ್ದು ಯಾರ್ಗೂ ಕೇಳ್ನಿಲ್ವಂತೆ. ಕೂಸು ಅಳ್ನೇ ಇಲ್ವಂತೆ." ಮರಿಯನ್ನು ಮತ್ತೆ ಹತ್ತಿರ ಎಳೆದುಕೊಂಡ. "ನಂಗೂ ಒಂದೇ ಸತಿ ಹೇಳಿದ್ದು. ನೀನು ಕೇಳೋಕೆ ಹೋಗ್ಬೇಡ."

ಯಮುನಾಗೆ ತನ್ನ ಕೈಯನ್ನೇ ಕತ್ತರಿಸಿ ಎಸೆಯಬೇಕು ಅನ್ನಿಸಿತು. ಆ ಏರಿಯ ಮೇಲೆ, ಆ ಮೋಡದ ಕೆಳಗೆ ತಾನು ಕೂರಿಸಿ ಬಂದದ್ದು ಯಾರನ್ನು ಎಂದು ಈಗ ತಿಳಿಯಿತು.

ಬುಧವಾರ ಬೋರಕ್ಕನಿಗೆ ಏಳಲು ಆಗಲಿಲ್ಲ. ಗ್ಲೂಕೋಸ್ ಹಾಕಿಸಿಕೊಂಡು ಬರೋಣ ಎಂದು ಕ್ಯಾತಣ್ಣ ಅವಳನ್ನು ಬಸ್ಸಿನಲ್ಲಿ ಚಿಕ್ಕನಾಯಕನಹಳ್ಳಿಗೆ ಕರೆತಂದ. ಡಾಕ್ಟರು ಬರುವುದು ಇನ್ನೂ ಒಂದು ಗಂಟೆಯಾಗುತ್ತದೆ ಎಂದರು ಆಸ್ಪತ್ರೆಯವರು. ಅಲ್ಲಿಯವರೆಗೆ ಮುದುಕಿಯನ್ನು ಬೂತಿನ ಬೆಂಚಿನ ಮೇಲೆ ಗೋಡೆಗೊರಗಿಸಿ ಕೂರಿಸಿದರು. ಕಣ್ಣು ಮುಚ್ಚಿಕೊಂಡೇ ಇದ್ದಳು.

ಮೇಜಿನ ಮೇಲಿನ ಫೋನು ರಿಂಗಾಯಿತು. ಕಂದಿಕೆರೆಯ ಹೆಂಗಸೊಬ್ಬಳು, ಪತ್ರಿಕೆಯಲ್ಲಿ ಬೂತಿನ ನಂಬರು ನೋಡಿ ಮಾಡಿದ್ದಳು.

"ಅದೇ, ಕತೆ ಬರೆಯೋ ಯಮುನಕ್ಕಾರೇನ್ರೀ? ಆ ಹುಡುಗಿ ಏನಾದ್ಲು ಕಣ್ರೀ? ನಮ್ಮನೇಲಿ ಯಾರ್ಗೂ ಸಮಾಧಾನ ಇಲ್ಲ."

ಧಾರಾವಾಹಿ ನಿಂತಿತು, ನನಗೂ ಗೊತ್ತಿಲ್ಲ ಎಂದು ಹೇಳಿ ಇಡಬೇಕೆಂದಿದ್ದಳು ಯಮುನಾ. ಬೆಂಚಿನ ಮೇಲಿದ್ದ ಅಜ್ಜಿಯ ಕಡೆ ನೋಡಿದಳು.

"ಅವ್ಳು ಅಲ್ಲೇ ಕುಂತಿದ್ಲು ಕಣಕ್ಕ," ಎಂದಳು ಯಮುನಾ.

"ಏರಿ ಮ್ಯಾಲೆ ಯಾರೂ ಇರ್ನಿಲ್ವಾ? ಹುಲ್ಲು ಕೊಯ್ಯೋರಾದ್ರೂ?"

ಯಮುನಾಗೆ ಕಂಡಿತು. ಏರಿಯ ಕೆಳಗೆ, ತೋಟದ ಬದುವಿನಲ್ಲಿ, ಹುಲ್ಲಿನ ಹೊರೆ ಹೊತ್ತುಕೊಳ್ಳುತ್ತಿದ್ದ ಒಬ್ಬಳು. "ಇದ್ಲು. ಒಬ್ಳು ಇದ್ಲು. ಕೂಗು ಕೇಳಿ ಹೊರೆ ಅಲ್ಲೇ ಬಿಸಾಕಿ ಮೇಲೆ ಹತ್ತಿ ಬಂದ್ಲು."

ಆ ಫೋನು ಇಡುವಷ್ಟರಲ್ಲಿ ಇನ್ನೊಂದು. ತುರುವೇಕೆರೆಯ ಯಾವುದೋ ಆಫೀಸಿನ ಗುಮಾಸ್ತರು, ಹೆಂಡತಿ ಕೇಳು ಎಂದಳಂತೆ. ಒಬ್ಬ ಹೆಂಗಸು ಬಸುರಿಯನ್ನು ಹೇಗೆ ಸಾಗಿಸಿದಳು ಎಂಬುದು ಅವರ ತಕರಾರು. ಯಮುನಾ ಯೋಚಿಸಿದಳು. ಏರಿಯ ಆ ತುದಿಯಿಂದ ತೆಂಗಿನ ಮಟ್ಟೆ ತುಂಬಿದ ಗಾಡಿಯೊಂದು ಬಂತು. ಗಾಡಿಯವನು ಅರ್ಧ ಮಟ್ಟೆ ಕೆಳಗೆ ಸುರಿದ, ಉಳಿದದ್ದನ್ನು ಹರಡಿ ಮೇಲೆ ಗೋಣಿಚೀಲ ಹಾಸಿದ. ಎತ್ತುಗಳನ್ನು ಹೊಡೆಯಲಿಲ್ಲ, ಮೂಗುದಾರ ಹಿಡಿದು ಮುಂದೆ ಮುಂದೆ ನಡೆದ. ಹೀಗೆ ಒಬ್ಬೊಬ್ಬರು ಒಂದೊಂದು ಕೇಳುತ್ತಿದ್ದರು. ಕೇಳಿದಷ್ಟೂ ದಾರಿ ಬಿಡಿಸಿಕೊಳ್ಳುತ್ತಿತ್ತು. ಚೀಟಿಗೆ ಕಾಯುತ್ತಿದ್ದ ಇಬ್ಬರು ಕೊಬ್ಬರಿ ವ್ಯಾಪಾರಿಗಳು ರೇಟು ಮರೆತು ಮೇಜಿಗೆ ಮೊಣಕೈ ಊರಿ ನಿಂತಿದ್ದರು. ಡಾಕ್ಟರು ಬಂದರಂತೆ ಎಂದು ಶಂಭುಲಿಂಗಯ್ಯನವರು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಮಳೆ ಶುರುವಾಗುವ ಮುಂಚೆ ಗಾಡಿ ತೋಟದ ಪಂಪ್‌ಹೌಸಿಗೆ ಬಂತು, ಹುಲ್ಲಿನವಳು ವರ್ಷಿಣಿಯನ್ನು ಒಳಗೆ ಮಲಗಿಸಿ...

"ಬಿಸ್ನೀರೆಲ್ಲೇ?"

ಎಲ್ಲರೂ ತಿರುಗಿ ನೋಡಿದರು. ಬೋರಕ್ಕ ಕಣ್ಣು ತೆರೆದಿದ್ದಳು.

"ಬಿಸ್ನೀರಿಲ್ದೆ ಎಂಗ್ ಹೆರಿಗೆ ಮಾಡ್ಸಿಯೇ? ಮೂರು ಕಲ್ಲು ಹೂಡ್ಸು. ಆ ಗಾಡಿಯೋನು ಸುಮ್ನೆ ಯಾಕೆ ನಿಂತವ್ನೆ? ಮಟ್ಟೆ ಐತಲ್ಲ, ಉರಿ ಹಾಕ್ಲಿ."

ಗಾಡಿಯವನು ಕಲ್ಲು ಹೂಡಿದ. ಉರಿ ಹಾಕಿದ. ಯಮುನಾ ಫೋನನ್ನು ಕಿವಿಗಿಟ್ಟುಕೊಂಡೇ ಅಜ್ಜಿಯನ್ನು ನೋಡುತ್ತ ಹೇಳುತ್ತಿದ್ದಳು. ಆ ಕಡೆ ಯಾರಿದ್ದರೋ, ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಹೊರಗೆ ಮಳೆ, ಒಳಗೆ ಹೊಗೆ, ಬಾಗಿಲಿಗೆ ಅಡ್ಡ ಹಿಡಿದ ಸೀರೆ. ಹುಲ್ಲಿನವಳು ಹಿಡಿದ ಕೈ ಬಿಡಲಿಲ್ಲ. ಕೂಸು ಬಂತು. ಹೆಣ್ಣು ಕೂಸು.

ಬೋರಕ್ಕ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ದನಿ ಸಣ್ಣಗಾಗಿತ್ತು. "ಅತ್ತಿತಾ?"

"ಅತ್ತಿತು ಅಜ್ಜಿ. ಆ ಮಳೆ ಸದ್ದಿನಲ್ಲೂ ಇಡೀ ತೋಟಕ್ಕೆ ಕೇಳ್ಸೋ ಹಂಗೆ ಅತ್ತಿತು. ಅತ್ತಿದ್ದು ಕೇಳಿ ವರ್ಷಿಣಿ ಅಮ್ಮ ತೋಟದಾಚೆ ಮನೆಯಿಂದ ಛತ್ರಿ ಹಿಡ್ಕೊಂಡು ಓಡಿ ಬಂದ್ರು. ಇಬ್ರುನ್ನೂ ಕರ್ಕೊಂಡೋದ್ರು."

ಬೋರಕ್ಕನ ಕಣ್ಣಿನಿಂದ ನೀರು ಸುಮ್ಮನೆ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಕೊಬ್ಬರಿ ವ್ಯಾಪಾರಿಗಳಲ್ಲಿ ಒಬ್ಬ ಮೂಗು ಸೀಟಿದ.

ಸ್ವಲ್ಪ ಹೊತ್ತಿನ ಮೇಲೆ ಫೋನು ಮತ್ತೆ ರಿಂಗಾಯಿತು. ಹಾಲಸ್ವಾಮಿ. ಇನ್ನೊಂದು ಚಾನಲ್ಲಿನವರ ಜೊತೆ ಮಾತು ನಡೆದಿದೆ ಎಂದರು. ಯಮುನಾ ಹೂಂ ಎಂದಳು.

"ಯಮುನಾ, ನಗಬೇಡ ಮತ್ತೆ," ಎಂದರು ಹಾಲಸ್ವಾಮಿ. "ನನಗೆ ಸೋಮವಾರದಿಂದ ಊಟ ಸೇರ್ತಿಲ್ಲ. ಅವಳನ್ನ ಅಲ್ಲೇ ಇಡು ಅಂದೋನು ನಾನೇ. ಆದ್ರೂ... ಆ ಹುಡುಗಿ ಏನಾದ್ಲಮ್ಮ?"

ಯಮುನಾ ಫೋನನ್ನು ವೈರು ಎಟುಕುವಷ್ಟು ಎಳೆದು ಬೋರಕ್ಕನ ಕೈಗೆ ಕೊಟ್ಟು ಕಿವಿಗೆ ಹಿಡಿಸಿದಳು. ಮುದುಕಿ ಹುಟ್ಟಿದಾಗಿನಿಂದ ಫೋನಿನಲ್ಲಿ ಮಾತಾಡಿದವಳಲ್ಲ. ಗದ್ದೆಯಾಚೆ ನಿಂತವರನ್ನು ಕರೆಯುವಂತೆ ಕೂಗಿದಳು.

"ಯಾರಪ್ಪಾ ಅದು? ಮನೆ ಸೇರವ್ಳೆ ಕಣಪ್ಪ! ಹೆಣ್ ಕೂಸು! ಚೆನ್ನಾಗಿ ಅತ್ತೈತೆ! ನೀನು ಎದ್ದು ಉಣ್ಣೋಗು!"

ಆ ಕಡೆಯಿಂದ ಏನು ಬಂತೋ ಯಮುನಾಗೆ ಕೇಳಿಸಲಿಲ್ಲ. ಬೋರಕ್ಕ ಮಾತ್ರ ಒಂದು ಗಳಿಗೆ ಕೇಳಿಸಿಕೊಂಡು, "ಆಯ್ತು, ಅಳ್ಬೇಡ ಬುಡು" ಎಂದು ಫೋನನ್ನು ತಲೆಕೆಳಗಾಗಿ ಇಟ್ಟಳು. ಆಮೇಲೆ ಮಗನ ಕಡೆ ತಿರುಗಿದಳು.

"ಕ್ಯಾತ, ಏನಾರ ತಕ್ಕಂಬಾರ್ಲಾ. ಹೊಟ್ಟೆ ಹಸೀತೈತೆ."

ಕ್ಯಾತಣ್ಣ ಚಪ್ಪಲಿ ಕೂಡ ಮೆಟ್ಟದೆ ಎದುರಿನ ಹೋಟೆಲಿಗೆ ಓಡಿದ.